ಚಿತ್ರದಲ್ಲಿಲ್ಲದ ಮುಚ್ಚಳ

ತೊಟ್ಟಿಗೆ ಇಳಿದವನು ಬೈಯುತ್ತಲೇ ಇರಬೇಕು. ಅದು ನಮ್ಮ ಕೆಲಸದ ಮೊದಲ ನಿಯಮ. ಯಾರೂ ಬರೆದಿಟ್ಟದ್ದಲ್ಲ, ನಮ್ಮ ಮಾವನ ಕಾಲದಿಂದ ಬಂದದ್ದು. ಒಳಗಿರುವವನು ಮೇಲೆ ಹಗ್ಗ ಹಿಡಿದವನನ್ನು ಬೈಯಬೇಕು. ಮೇಲಿರುವವನು ತಿರುಗಿ ಬೈಯಬೇಕು. ಬೈಗುಳ ಕೇಳುತ್ತಿರುವಷ್ಟು ಹೊತ್ತು ಒಳಗಿರುವವನು ವಿಷಗಾಳಿಗೆ ಬೀಳದೆ ಬದುಕಿದ್ದಾನೆ. ಬೈಗುಳ ನಿಂತರೆ ಯಾಕೆ ಏನು ಎಂದು ಕೇಳುತ್ತ ಕೂರಬಾರದು, ಹಗ್ಗ ಎಳೆಯಬೇಕು. ಬೈಯುವ ಬದಲು ಹಾಡಿದರೆ ಆಗದೇ ಎಂದು ನೀವು ಕೇಳಬಹುದು. ಆ ನಾತದಲ್ಲಿ ಯಾರಿಗೂ ಹಾಡು ಬರುವುದಿಲ್ಲ. ಬೈಗುಳ ತಾನಾಗಿ ಬರುತ್ತದೆ.

ತೊಟ್ಟಿಯೊಳಗಿನ ಬೈಗುಳಕ್ಕೆ ಸಿಟ್ಟು ಮಾಡಿಕೊಳ್ಳುವಂತಿಲ್ಲ. ಅದು ಎರಡನೆಯ ನಿಯಮ. ನನ್ನ ಗಂಡ ಮನೆಯಲ್ಲಿ ತನ್ನ ಅಣ್ಣನ ಎದುರು ಕಾಲು ಚಾಚಿ ಕೂತವನಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಏಣಿ ಇಳಿದು ತಲೆ ಮರೆಯಾದ ಕೂಡಲೇ ಶುರುವಾಗುತ್ತಿತ್ತು. "ಲೋ ಕುಂಭಕರ್ಣ, ಹಗ್ಗ ಹಿಡ್ಕೊಂಡೇ ನಿದ್ದೆ ಹೊಡೀತಿದ್ದೀಯೇನೋ? ಬಕೆಟ್ ಎಳೆಯೋ, ಕೈಗೇನು ಹಾವು ಕಚ್ಚಿದೆಯಾ?" ನಮ್ಮ ಭಾವ ಮಾತು ಕಮ್ಮಿಯ ಮನುಷ್ಯ. ಬೈಯಲೂ ನಾಚಿಕೆ. "ಸುಮ್ನೆ ತುಂಬ್ಸೋ ಮುಂಡೇದೆ" ಅನ್ನುವಷ್ಟರಲ್ಲಿ ಅವರ ಕಿವಿ ಕೆಂಪಾಗುತ್ತಿತ್ತು. ಒಳಗಿನವನು ಅಷ್ಟಕ್ಕೆ ಬಿಡುತ್ತಿರಲಿಲ್ಲ. ಮೇಸ್ತ್ರಿಯ ಹೊಟ್ಟೆ, ಮ್ಯಾನೇಜರ್‌ನ ಟೈ, ನನ್ನನ್ನು ಅವನ ತಲೆಗೆ ಕಟ್ಟಿದ ನಮ್ಮಪ್ಪ, ಎಲ್ಲರಿಗೂ ಒಂದೊಂದು ಪಾಲು. ಓಣಿಯಲ್ಲಿ ಅವನನ್ನು ಮಾತಿನಮಲ್ಲ ಎಂದೇ ಕರೆಯುತ್ತಿದ್ದರು. ಬಾಂಡ್ಲಿ ಹೊರುವ ಹೆಂಗಸರು ನಕ್ಕು ನಕ್ಕು ರಾಡಿ ತುಳುಕಿಸಿಕೊಳ್ಳುತ್ತಿದ್ದರು. ಮೇಲೆ ಬಂದು ಹಗ್ಗ ಬಿಚ್ಚಿದ ಮೇಲೆ "ಅಣ್ಣ, ಸ್ವಲ್ಪ ನೀರು ಕೊಡಿ" ಅನ್ನುತ್ತಿದ್ದ, ಏನೂ ಆಗದವನ ಹಾಗೆ.

ಕಾರ್ಖಾನೆಗೆ ಎರಡು ಗೇಟು. ಮುಂದಿನ ಗೇಟಿನಲ್ಲಿ ಹೂಕುಂಡಗಳು, ಗಾಜಿನ ಬಾಗಿಲು, ಕಾರ್ಡು ಮುಟ್ಟಿಸಿದರೆ ತೆರೆದುಕೊಳ್ಳುವ ಅಡ್ಡಕಂಬಿ. ಕಾರ್ಡು ಇರುವವರು ಒಳಗೆ ಎಲ್ಲಿ ನಿಂತಿದ್ದಾರೆ, ಎಲ್ಲಿ ಕೂತಿದ್ದಾರೆ ಎಂಬುದು ಕಂಪ್ಯೂಟರ್ ಕೋಣೆಯ ದೊಡ್ಡ ಪರದೆಯಲ್ಲಿ ಹಸಿರು ಚುಕ್ಕಿಯಾಗಿ ಕಾಣುತ್ತದೆ. ಮುಂದಿನ ಹಾಲಿನಲ್ಲಿ ಹೊಸ ಯಂತ್ರಗಳಿವೆ. ಬಿಳಿ ಬಟ್ಟೆಯನ್ನು ಒಂದು ಕಡೆಯಿಂದ ನುಂಗಿ ಇನ್ನೊಂದು ಕಡೆಯಿಂದ ಹೂವು ಬಳ್ಳಿ ಸಮೇತ ಹೊರಗೆ ಬಿಡುತ್ತವೆ. ಅವಕ್ಕೆ ನೀರೇ ಬೇಡವಂತೆ. ಬಣ್ಣವನ್ನು ಎಷ್ಟು ಬೇಕೋ ಅಷ್ಟೇ ಹನಿಸುತ್ತವಂತೆ. ಇಲ್ಲಿ ಹೊಲಿದ ಪ್ರತಿ ಅಂಗಿಯ ಕುತ್ತಿಗೆಗೆ ಒಂದು ಪಟ್ಟಿ ಹಚ್ಚುತ್ತಾರೆ. ಅದರ ಮೇಲಿನ ಕ್ಯೂಆರ್ ಕೋಡಿಗೆ ಫೋನ್ ಹಿಡಿದರೆ ಹತ್ತಿ ಬೆಳೆದ ಹೊಲ, ನೂಲು ತೆಗೆದ ಗಿರಣಿ, ಹೊಲಿದ ಟೈಲರ್, ಉಳಿಸಿದ ನೀರು, ಉಳಿಸಿದ ಕರೆಂಟು ಎಲ್ಲ ಬರುತ್ತದೆ. ಹಸಿರು ಸರಪಳಿ ಎನ್ನುತ್ತಾರೆ ಇದಕ್ಕೆ. ಕೊನೆಯ ಕೊಂಡಿಯವರೆಗೂ ನಮ್ಮಲ್ಲಿ ಮುಚ್ಚುಮರೆ ಇಲ್ಲ ಎಂದು ಮುಂದಿನ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆ.

ಹಿಂದಿನ ಗೇಟಿಗೆ ಕಾರ್ಡು ಇಲ್ಲ. ತಗಡಿನ ಬಾಗಿಲು, ಅದರ ಬೀಗದ ಕೈ ಮೇಸ್ತ್ರಿಯ ಸೊಂಟದಲ್ಲಿ. ನಾವು ಬರುವುದು ಆ ಕಡೆಯಿಂದ. ಒಳಗೆ ಬಂದರೆ ಹಳೆಯ ಬಣ್ಣದ ಮನೆ. ಹೊಸ ಯಂತ್ರಗಳಲ್ಲಿ ಕಡುನೀಲಿ, ಕಡುಗಪ್ಪು ಗಿಟ್ಟುವುದಿಲ್ಲ. ಹಾಗಾಗಿ ಅರ್ಧಕ್ಕರ್ಧ ಬಟ್ಟೆ ಈಗಲೂ ಇಲ್ಲಿನ ಕೊಪ್ಪರಿಗೆಗಳಲ್ಲೇ ಬೇಯುತ್ತದೆ. ಅದರ ಕೊಳೆನೀರು ಬಂದು ನಿಲ್ಲುವುದು ನಮ್ಮ ತೊಟ್ಟಿಯಲ್ಲಿ. ನೆಲದ ಮಟ್ಟಕ್ಕೆ ಒಂದು ಕಬ್ಬಿಣದ ಮುಚ್ಚಳ, ಅದನ್ನು ಇಬ್ಬರು ಸೇರಿ ಸರಿಸಬೇಕು, ಕೆಳಗೆ ಕತ್ತಲೆ. ತಿಳಿನೀರು ಹೊರಗೆ ಹರಿದು ಹೋಗುವ ಕೊಳವೆಗೆ ಮೀಟರ್ ಕೂರಿಸಿದ್ದಾರೆ. ತೊಟ್ಟಿಯಲ್ಲಿ ರಾಡಿ ಕಮ್ಮಿಯಿದ್ದರೆ ಮೀಟರ್ ಹಸಿರು, ರಾಡಿ ಏರಿದರೆ ಕೆಂಪು. ಕೆಂಪಾದರೆ ಆ ಸುದ್ದಿ ಆಗಿಂದಾಗಲೇ ದೂರದ ಊರಿನಲ್ಲಿ ಅಂಗಿ ಕೊಳ್ಳುವ ಕಂಪನಿಯ ಪರದೆಗೆ ಹೋಗುತ್ತದೆ. ಆದ್ದರಿಂದ ಕೆಂಪಾಗುವುದಿಲ್ಲ. ಕೆಂಪಾಗುವ ಮುಂಚೆ ನಾವು ಇಳಿಯುತ್ತೇವೆ.

ಗಂಡಸರು ಒಳಗಿನಿಂದ ಬಕೆಟ್ ತುಂಬಿ ಕಳಿಸುತ್ತಾರೆ. ಹೆಂಗಸರು ಅದನ್ನು ಬಾಂಡ್ಲಿಗೆ ಸುರಿದುಕೊಂಡು ತಲೆಯ ಮೇಲೆ ಹೊತ್ತು ಗಾಡಿಗೆ ಹಾಕುತ್ತೇವೆ. ಗಾಡಿ ಎಲ್ಲಿಗೆ ಹೋಗುತ್ತದೆ ಎಂದು ನಮಗೆ ಯಾರೂ ಹೇಳಿಲ್ಲ. ಬಾಂಡ್ಲಿ ಕೂರುವ ಜಾಗದಲ್ಲಿ ನನ್ನ ನೆತ್ತಿಯ ಕೂದಲು ಉದುರಿ ಹೋಗಿದೆ. ಉಗುರುಗಳಿಗೆ ಆ ತಿಂಗಳು ಯಾವ ಬಣ್ಣದ ಆರ್ಡರೋ ಆ ಬಣ್ಣ. ಮಗಳು ಚಿಕ್ಕವಳಿದ್ದಾಗ ನನ್ನ ಕೈಯಿಂದ ತುತ್ತು ತಿನ್ನದೆ ಚಮಚ ಕೇಳುತ್ತಿದ್ದಳು. ಮುಂದಿನ ಹಾಲಿನವರು ನಮ್ಮನ್ನು ಕಂಡರೆ ಗಾಳಿ ಬರುವ ದಿಕ್ಕು ನೋಡಿ ನಿಲ್ಲುತ್ತಾರೆ. ಅವರ ನಲ್ಲಿಗೆ ನಾವು ಕೈ ಹಚ್ಚುವಂತಿಲ್ಲ. ಈ ಕೆಲಸಕ್ಕೆ ನಮ್ಮ ಓಣಿಯವರನ್ನು ಬಿಟ್ಟು ಬೇರೆ ಯಾರನ್ನೂ ಕರೆಯುವುದಿಲ್ಲ, ಕರೆದರೂ ಯಾರೂ ಬರುವುದಿಲ್ಲ.

ಅವತ್ತು ಕೊಳ್ಳುವವರ ತಪಾಸಣೆ ಇತ್ತು. ಅವರು ಇಲ್ಲಿಗೆ ಬರುವುದಿಲ್ಲ. ಮ್ಯಾನೇಜರ್ ಒಂದು ಟ್ಯಾಬ್ ಹಿಡಿದುಕೊಂಡು ಮಾತಾಡುತ್ತ ಕಾರ್ಖಾನೆ ಸುತ್ತುತ್ತಾನೆ, ಅವರು ತಮ್ಮ ಊರಿನಲ್ಲೇ ಕೂತು ನೋಡುತ್ತಾರೆ. ವಿಮಾನ ಹತ್ತದೆ ಅಷ್ಟು ಹೊಗೆ ತಪ್ಪಿಸಿದೆವು ಎಂದು ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾರಂತೆ. ಯಾವಾಗಲೂ ಹಿಂದಿನ ದಿನವೇ ತೊಟ್ಟಿ ಖಾಲಿ ಮಾಡಿಸುತ್ತಿದ್ದರು. ಆ ಸಲ ಕಡುನೀಲಿಯ ದೊಡ್ಡ ಆರ್ಡರ್. ಖಾಲಿ ಮಾಡಿದ ತೊಟ್ಟಿ ಬೆಳಗಾಗುವುದರೊಳಗೆ ಮತ್ತೆ ತುಂಬಿ ಕೂತಿತ್ತು.

ಮೇಸ್ತ್ರಿ ಬೆವರು ಒರೆಸಿಕೊಳ್ಳುತ್ತ ಬಂದ. "ಬೇಗ ಇಳೀರಿ. ಆದ್ರೆ ಒಂದ್ ಮಾತು. ಇವತ್ತು ಒಂಚೂರೂ ಸದ್ದು ಬರಕೂಡದು. ಮ್ಯಾನೇಜರ್ ಸಾಹೇಬ್ರು ಹೇಳಿ ಕಳಿಸಿದ್ದಾರೆ. ಈ ಗೋಡೆ ಆಚೇನೇ ಮಾತಾಡ್ತಾ ಬರ್ತಾರೆ. ನಿಮ್ ಹೊಲಸು ಬಾಯಿ ಅವ್ರಿಗೆ ಕೇಳಿಸಬಾರ್ದು."

"ಬಾಯಿ ಮುಚ್ಕೊಂಡು ಇಳಿಯೋದು ಹೆಂಗೆ ಸ್ವಾಮಿ?" ಎಂದ ನನ್ನ ಗಂಡ. "ನಾನು ಇದ್ದೀನೋ ಹೋದ್ನೋ ಅಂತ ನಮ್ಮಣ್ಣಂಗೆ ಹೆಂಗೆ ಗೊತ್ತಾಗ್ಬೇಕು?"

"ಹಗ್ಗ ಇಲ್ವಾ? ಜಗ್ಗು."

"ಕೈಯಲ್ಲಿ ಬಕೆಟ್ ಇರ್ತದಲ್ಲ."

"ಇಳಿಯೋ ಹಂಗಿದ್ರೆ ಇಳಿ. ಇಲ್ದಿದ್ರೆ ಗೇಟ್ ತೆಗೀತೀನಿ, ನಿಮ್ ಓಣಿ ಪೂರ್ತಿ ಹೊರಡ್ಲಿ. ನಾಳೆಯಿಂದ ಯಾರೂ ಬರೋದು ಬೇಡ."

ಭಾವ ಹಗ್ಗವನ್ನು ಕೈಗೆ ಸುತ್ತಿಕೊಂಡರು. ನನ್ನ ಗಂಡ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. "ಇವತ್ತು ನಿಮ್ಮಪ್ಪಂಗೆ ರಜ ಕಣೇ" ಎಂದ. ಆಮೇಲೆ ಏಣಿ ಇಳಿದ.

ಮೊದಮೊದಲು ಹಗ್ಗ ಅಲುಗುತ್ತಿತ್ತು. ಬಕೆಟ್‌ಗಳು ಬಂದವು. ನಾವು ಹೊತ್ತೆವು. ಬೈಗುಳವಿಲ್ಲದ ಆ ಕೆಲಸ ಯಾರದೋ ಕಳ್ಳತನದ ಕೆಲಸದಂತಿತ್ತು. ಹೆಜ್ಜೆ ಸಪ್ಪಳ ಕೂಡ ಆಗದ ಹಾಗೆ ಬರಿಗಾಲಲ್ಲಿ ನಡೆದೆವು. ನಾನು ಗಾಡಿಗೆ ಸುರಿದು ವಾಪಸು ಬಂದಾಗ ಗೋಡೆಯ ಆಚೆ ಮ್ಯಾನೇಜರ್‌ನ ದನಿ ಕೇಳಿಸಿತು. ನನಗೆ ಬಾರದ ಭಾಷೆಯಲ್ಲಿ ಏನೋ ಹೇಳಿ ನಗುತ್ತಿದ್ದ. ತೊಟ್ಟಿಯ ಬಾಯಲ್ಲಿ ಬಕೆಟ್ ಇರಲಿಲ್ಲ. ಹಗ್ಗ ಭಾವನ ಕೈಯಿಂದ ಸಡಿಲವಾಗಿ ಇಳಿಬಿದ್ದಿತ್ತು.

ಏನಾಯ್ತು ಎಂದು ಕೈಸನ್ನೆ ಮಾಡಿದೆ. ಭಾವ ತುಟಿಯ ಮೇಲೆ ಬೆರಳಿಟ್ಟರು. ಮೇಸ್ತ್ರಿ ಹೇಳಿದ್ದು ಅವರಿಗೆ ಅಷ್ಟು ಆಳಕ್ಕೆ ಇಳಿದಿತ್ತು. ತಮ್ಮ ಸುಮ್ಮನಿದ್ದಾನೆ ಎಂದರೆ ಹೇಳಿದ ಮಾತು ಕೇಳುತ್ತಿದ್ದಾನೆ ಎಂದುಕೊಂಡಿದ್ದರು. ಹುಟ್ಟಿದಾಗಿನಿಂದ ಸುಮ್ಮನಿರದವನು ಅವತ್ತಾದರೂ ಸುಮ್ಮನಿದ್ದಾನಲ್ಲ ಎಂದು ಸಮಾಧಾನಪಟ್ಟಿದ್ದರೋ ಏನೋ. ನನಗೆ ಹಾಗೆ ಅನ್ನಿಸಲಿಲ್ಲ. ಆ ಬಾಯಿಯ ಜೊತೆ ಬಾಳ್ವೆ ಮಾಡಿದವಳು ನಾನು. ನಿದ್ದೆಯಲ್ಲೂ ಗೊಣಗುವವನು ಅವನು.

ಕೂಗಲು ಬಾಯಿ ತೆರೆದೆ. ಮೇಸ್ತ್ರಿ ಹಿಂದಿನಿಂದ ಬಂದು ನನ್ನ ಬಾಯಿಯ ಮೇಲೆ ಅಂಗೈ ಒತ್ತಿದ. ಇನ್ನೊಂದು ಕೈಯಿಂದ ಕತ್ತು ಹಿಡಿದ. ಅವನ ಕೈಗೆ ಸೋಪಿನ ವಾಸನೆ ಇತ್ತು. ಗೋಡೆಯ ಆಚೆ ಮ್ಯಾನೇಜರ್ ಆರಾಮಾಗಿ ನಿಂತು ಏನನ್ನೋ ವಿವರಿಸುತ್ತಿದ್ದ. ನಾನು ಕಾಲು ಬಡಿದೆ. ನನ್ನ ತಲೆಯ ಬಾಂಡ್ಲಿ ಬೀಳದಂತೆ ಇನ್ನೊಬ್ಬಳು ಬಂದು ಹಿಡಿದುಕೊಂಡಳು, ಸದ್ದಾಗಬಾರದು ಎಂದು. ಆ ದನಿ ದೂರ ಹೋಗುವವರೆಗೂ ನಾನು ಆ ಸಡಿಲ ಹಗ್ಗ ನೋಡುತ್ತ ನಿಂತಿದ್ದೆ. ಮೇಸ್ತ್ರಿ ಕೈ ತೆಗೆದ ಮೇಲೆ ಭಾವ ಹಗ್ಗ ಎಳೆದರು. ಹಗ್ಗ ಭಾರವಾಗಿ ಬಂತು.

ಮೇಸ್ತ್ರಿ ಕರೆಸಿದ ಆಳುಗಳು ಪೈಪ್ ಹಿಡಿದು ಅವನನ್ನು ತೊಳೆದರು. ನೆಲ ತೊಳೆದರು. ಎದೆಯವರೆಗೆ ಹತ್ತಿದ ನೀಲಿ ಹೋಗಲಿಲ್ಲ. ತಗಡಿನ ಬಾಗಿಲಿನಿಂದ ಹೊರಗೆ ಹೊತ್ತು ತಂದು ರಸ್ತೆಯ ಪಕ್ಕದ ಮೋರಿಯಲ್ಲಿ ಮಲಗಿಸಿದರು. ನನ್ನನ್ನು ಇಬ್ಬರು ಹಿಡಿದುಕೊಂಡಿದ್ದರು. ವಿಚಾರಣೆಗೆ ಬಂದ ಅಧಿಕಾರಿ ಹೆಣದ ನೀಲಿ ಮೈ ನೋಡಿದ, ಮೋರಿಯ ಕಪ್ಪು ನೀರು ನೋಡಿದ, ಆಮೇಲೆ ತನ್ನ ಬೂಟು ನೋಡಿಕೊಂಡ. ಇವನು ಸತ್ತದ್ದು ಕಾರ್ಖಾನೆಯ ತೊಟ್ಟಿಯಲ್ಲಿ ಎಂದು ಹೇಳಿದೆ. ಕೂಗಿ ಹೇಳಿದೆ. "ಕಾರ್ಖಾನೆ ಒಳಗೆ ಹೋದ್ರೆ ಕಂಪ್ಯೂಟರಲ್ಲಿ ಇರ್ಬೇಕಲ್ಲಮ್ಮ" ಎಂದ. "ಇವತ್ತು ಒಳಗೆ ಹೋದೋರೆಲ್ಲಾ ಹೊರಗೆ ಬಂದಿದ್ದಾರೆ. ಎಲ್ಲ ಚುಕ್ಕಿನೂ ಸರಿಯಾಗಿದೆ, ನಾನೇ ನೋಡ್ಕೊಂಡು ಬಂದೆ."

ಅವನನ್ನು ಮಣ್ಣು ಮಾಡಿದ ಮೇಲೆ ಮ್ಯಾನೇಜರ್ ನನ್ನನ್ನೂ ಭಾವನನ್ನೂ ಕರೆಸಿದ. ಮೊದಲ ಸಲ ಮುಂದಿನ ಗೇಟಿನಿಂದ ಒಳಗೆ ಹೋದೆವು. ಕೂರಲು ಕುರ್ಚಿ ಕೊಟ್ಟರು, ಕುರ್ಚಿಯ ಮೇಲೆ ಮೊದಲೇ ಪ್ಲಾಸ್ಟಿಕ್ ಹಾಳೆ ಹಾಸಿದ್ದರು. ಕಂಪ್ಯೂಟರ್ ಕೋಣೆಯ ಹುಡುಗಿ ಪರದೆಯ ಮುಂದೆ ಕೂತಿದ್ದಳು. ನಮ್ಮ ಪಕ್ಕದ ಓಣಿಯವಳು, ಕಷ್ಟಪಟ್ಟು ಓದಿದವಳು. ನಮ್ಮ ಕಡೆ ತಿರುಗಲಿಲ್ಲ.

"ನೋಡಮ್ಮ" ಎಂದ ಮ್ಯಾನೇಜರ್. "ಇದು ನಮ್ಮ ಕಾರ್ಖಾನೇನೇ. ಪೂರ್ತಿ ಕಾರ್ಖಾನೆ ಕಂಪ್ಯೂಟರ್ ಒಳಗಿದೆ. ಹೊರಗೆ ಒಂದು ನಲ್ಲಿ ತಿರುಗಿದ್ರೆ ಇಲ್ಲೂ ತಿರುಗ್ತದೆ. ಕೊಳ್ಳೋರು ನೋಡೋದು ಇದನ್ನೇ."

ಚಿತ್ರ ಚೆನ್ನಾಗಿತ್ತು. ಸುಳ್ಳು ಹೇಳಬಾರದು. ಮುಂದಿನ ಹಾಲು, ಯಂತ್ರಗಳು, ಹೂಕುಂಡಗಳು, ಕೊಳವೆಗಳು ಎಲ್ಲ ಇದ್ದವು. ಕೊಳವೆಯೊಳಗೆ ನೀರು ಓಡುವುದು ಕೂಡ ಕಾಣುತ್ತಿತ್ತು. ಹಿಂದೆ ಬಣ್ಣದ ಮನೆ, ಅದರ ಪಕ್ಕ ನಮ್ಮ ತೊಟ್ಟಿ. ತೊಟ್ಟಿಯಲ್ಲಿ ತಿಳಿನೀಲಿ ನೀರು.

"ಈ ತೊಟ್ಟಿ ನೋಡು" ಎಂದ. "ಸುತ್ತ ಗೋಡೆ, ಮೇಲೆ ಗಚ್ಚು. ತನ್ನಷ್ಟಕ್ಕೆ ತಾನೇ ಶುದ್ಧ ಮಾಡ್ಕೊಳ್ತದೆ. ಇದಕ್ಕೆ ಇಳಿಯೋ ದಾರೀನೇ ಇಲ್ಲ. ದಾರಿ ಇಲ್ಲದ ಕಡೆ ನಿನ್ನ ಗಂಡ ಹೆಂಗಮ್ಮ ಇಳೀತಾನೆ?"

ಬಗ್ಗಿ ನೋಡಿದೆ. ನಿಜ. ತೊಟ್ಟಿಯ ಮೇಲೆ ಮುಚ್ಚಳ ಇರಲಿಲ್ಲ. ಏಣಿ ಇರಲಿಲ್ಲ. ತಗಡಿನ ಬಾಗಿಲೂ ಇರಲಿಲ್ಲ, ಆ ಜಾಗದಲ್ಲಿ ಗೋಡೆ ಬರೆದಿದ್ದರು. ನಮ್ಮ ಮಾವ ಇಳಿದ, ನನ್ನ ಗಂಡ ಇಳಿದ ಆ ಕಿಂಡಿಯನ್ನು ಯಾರೋ ಕೂತು ಅಳಿಸಿದ್ದರು, ಅಥವಾ ಬರೆದೇ ಇರಲಿಲ್ಲ.

ಮ್ಯಾನೇಜರ್ ದನಿ ತಗ್ಗಿಸಿದ. "ನಮಗೂ ಬೇಜಾರಾಗಿದೆ. ಮೋರೀಲಿ ಜಾರಿ ಬಿದ್ದ ಅಂತ ನೀವಿಬ್ರೂ ಹೇಳಿಬಿಡಿ. ಇಬ್ರಿಗೂ ಕಾರ್ಡು ಮಾಡಿಸ್ತೀನಿ. ಬಟ್ಟೆ ಮಡಿಸೋ ಹಾಲ್‌ನಲ್ಲಿ ಕೆಲಸ. ಫ್ಯಾನ್ ಕೆಳಗೆ. ಇನ್ನು ಆ ಕಡೆ ತಲೆ ಹಾಕೋದೇ ಬೇಡ."

ಭಾವ ನೆಲ ನೋಡುತ್ತಿದ್ದರು. ನಾನು ಕುರ್ಚಿಯಿಂದ ಎದ್ದೆ. "ನಂಗೆ ಕಾರ್ಡು ಬೇಡ. ಆ ತೊಟ್ಟಿ ಮೇಲೆ ಒಂದು ಮುಚ್ಚಳ ಬರೀರಿ."

"ಏನು?"

"ಮುಚ್ಚಳ. ಕಬ್ಬಿಣದ್ದು. ಅಲ್ಲಿ ಹೊರಗಿದೆಯಲ್ಲ, ಅದು. ಅದನ್ನ ಇಲ್ಲೂ ಬರೀರಿ. ನಂಗೆ ಅಷ್ಟು ಸಾಕು. ಮತ್ತೇನೂ ಕೇಳಲ್ಲ."

ಅವನು ನಕ್ಕ. ಹಟ ಮಾಡುವ ಮಗುವಿಗೆ ನಗುವ ನಗೆ. "ಮುಚ್ಚಳ ಬರೆದ್ರೆ ಅದರೊಳಗೆ ಇಳಿಯೋರು ಯಾರು ಅಂತ ಕೇಳ್ತಾರಮ್ಮ."

"ಕೇಳ್ಲಿ. ನಾವು ಅಂತ ಹೇಳಿ."

"ಇಳಿಯೋರಿಗೆ ಗಾಳಿ ಎಲ್ಲಿ, ಮುಖಕ್ಕೆ ಹಾಕೋದು ಎಲ್ಲಿ ಅಂತಾರೆ. ಆರ್ಡರ್ ಹೋಗ್ತದೆ. ಆರ್ಡರ್ ಹೋದ್ರೆ ನಿಮ್ ಓಣೀಗೇ ಅನ್ನ ಇಲ್ಲ. ನಿಮ್ಮೋರ ಒಳ್ಳೇದಕ್ಕೇ ಹೇಳ್ತಿದ್ದೀನಿ."

"ನಮ್ಮೋರ ಒಳ್ಳೇದು ನೀಲಿಯಾಗಿ ಮಣ್ಣು ಸೇರ್ತು. ನೀವು ಮುಚ್ಚಳ ಬರೀರಿ."

ಹುಡುಗಿಯ ಕೈ ಮೌಸಿನ ಮೇಲೆ ನಿಂತಿತ್ತು. ಅವಳು ಮನಸ್ಸು ಮಾಡಿದ್ದರೆ ಅಲ್ಲೇ ಒಂದು ಗೆರೆ ಎಳೆಯಬಹುದಿತ್ತು. ಎಳೆಯಲಿಲ್ಲ. ಅವಳ ಮನೆಯಲ್ಲೂ ಒಲೆ ಉರಿಯಬೇಕು. ಕಾವಲಿನವನು ಬಂದು ನನ್ನ ರಟ್ಟೆ ಹಿಡಿದ. ನಾನು ಎದ್ದು ಬಂದ ಕುರ್ಚಿಯ ಪ್ಲಾಸ್ಟಿಕ್ ಹಾಳೆಯನ್ನು ಇನ್ನೊಬ್ಬ ತುದಿ ಹಿಡಿದು ಎತ್ತಿಕೊಂಡು ಹೋದ.

ಭಾವ ಒಪ್ಪಿಕೊಂಡರು. ಮೋರಿಯಲ್ಲಿ ಬಿದ್ದ ಎಂದು ಆ ಅಧಿಕಾರಿಗೆ ಹೇಳಿ ಬಂದರು. ಅವತ್ತು ಮನೆಗೆ ಬಂದವರು ಊಟಕ್ಕೆ ಕೂರಲಿಲ್ಲ. ನಾನು ಅವರ ತಟ್ಟೆಯನ್ನು ಅವರ ಎದುರೇ ತೆಗೆದು ಇಟ್ಟೆ. ಓರಗಿತ್ತಿ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

"ಅವ್ರ ಮೇಲೆ ಹಲ್ಲು ಕಡೀಬೇಡ್ವೇ" ಎಂದಳು. "ನಾನೇ ಒಪ್ಪಿಸ್ದೆ. ಹೋದೋನು ಹೋದ. ಇರೋನಾದ್ರೂ ಮೇಲಿರ್ಲಿ. ಕಾರ್ಡು ಇದ್ದೋರು ತೊಟ್ಟಿಗೆ ಇಳಿಯಲ್ಲ ಕಣೇ. ಒಬ್ಬರಾದ್ರೂ ಮೇಲಿರ್ಲಿ."

ಅವಳು ನನ್ನ ಗಂಡ ಸತ್ತ ಜಾಗವನ್ನು ಮಾರಿ ತನ್ನ ಗಂಡನನ್ನು ಉಳಿಸಿಕೊಂಡಿದ್ದಳು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆನೋ ಏನೋ. ಆದರೂ ಅವಳ ಕೈ ಕೊಡವಿ ಒಳಗೆ ಬಂದೆ.

ತೊಟ್ಟಿ ಮಾತ್ರ ತುಂಬುತ್ತಲೇ ಇತ್ತು. ಅದಕ್ಕೆ ನಮ್ಮ ದುಃಖ ಗೊತ್ತಿಲ್ಲ. ಓಣಿಯ ಗಂಡಸರು ಒಂದಷ್ಟು ದಿನ ತಗಡಿನ ಬಾಗಿಲಿನ ಕಡೆ ಹೋಗಲಿಲ್ಲ. ಮೇಸ್ತ್ರಿ ನೇರ ಮಡಿಸುವ ಹಾಲಿಗೆ ಹೋಗಿ ಭಾವನ ಮುಂದೆ ನಿಂತ. "ಕಾರ್ಡು ಮೇಜಿನ ಮೇಲಿಡು. ಈ ಕಡೆಯಿಂದ ಹಿಂದಕ್ಕೆ ಬಾ" ಎಂದ. ಭಾವ ಕಾರ್ಡು ಬಿಚ್ಚಿ ಮಡಿಸಿದ ಅಂಗಿಗಳ ಪಕ್ಕ ಇಟ್ಟರು. ಅವತ್ತಿಡೀ ಕಂಪ್ಯೂಟರ್ ಪರದೆಯಲ್ಲಿ ಅವರ ಹಸಿರು ಚುಕ್ಕಿ ಫ್ಯಾನ್ ಕೆಳಗೆ ಅಂಗಿ ಮಡಿಸುತ್ತಿತ್ತು. ಅವರು ತೊಟ್ಟಿಯಲ್ಲಿದ್ದರು.

ಇದನ್ನು ಕೇಳಿ ಓರಗಿತ್ತಿ ಅಳಲಿಲ್ಲ. ಒಲೆಯ ಮುಂದೆ ಕೂತು ಬರಿದೇ ಬೆಂಕಿ ಊದುತ್ತಿದ್ದಳು. ಒಲೆಯ ಮೇಲೆ ಏನೂ ಇರಲಿಲ್ಲ.

ನಾನು ಮತ್ತೆ ಬಾಂಡ್ಲಿ ಹೊರಲು ಹೋದೆ. ಗಂಡನನ್ನು ನುಂಗಿದ ತೊಟ್ಟಿಗೆ ಮತ್ತೆ ಹೋಗ್ತೀಯಾ, ನಾಚಿಕೆ ಆಗಲ್ವಾ ಎಂದು ಹೆಂಗಸರು ಕೇಳಿದರು. ಹಸಿವಿಗೆ ನಾಚಿಕೆ ಇಲ್ಲ ಎಂದೆ. ಅದು ಅರ್ಧ ನಿಜ. ಇನ್ನರ್ಧ ನಾನು ಯಾರಿಗೂ ಹೇಳಲಿಲ್ಲ. ಮ್ಯಾನೇಜರ್ ಟ್ಯಾಬ್ ಹಿಡಿದು ಗೋಡೆಯ ಆಚೆ ಬರುವ ದಿನಕ್ಕೆ ಕಾಯುತ್ತಿದ್ದೆ. ಚಿತ್ರದಲ್ಲಿ ಮುಚ್ಚಳ ಬರೆಯದಿದ್ದರೆ ಬೇಡ. ಇಲ್ಲೊಂದು ಮುಚ್ಚಳ ಇದೆ ಎಂದು ಕೊಳ್ಳುವವರ ಕಿವಿಗೇ ಹೇಳುತ್ತೇನೆ ಎಂದುಕೊಂಡಿದ್ದೆ.

ಆ ದಿನ ಬಂತು. ಬಣ್ಣದ ಮನೆಯಿಂದ ಮತ್ತೆ ಅದೇ ಅವಸರ, ಮತ್ತೆ ತುಂಬಿದ ತೊಟ್ಟಿ. ಬಂದಿದ್ದ ಗಂಡಸರು ಕಮ್ಮಿ. ಭಾವ ಕಾರ್ಡು ಬಿಟ್ಟು ಬಂದು ಸೊಂಟಕ್ಕೆ ಹಗ್ಗ ಕಟ್ಟಿಕೊಂಡರು. ಹಗ್ಗದ ಇನ್ನೊಂದು ತುದಿಯನ್ನು ಹಿಡಿಯಲು ಒಬ್ಬ ಗಂಡಸು ಮುಂದೆ ಬಂದ. ಭಾವ ಅವನಿಗೆ ಕೊಡಲಿಲ್ಲ. ನನ್ನ ಕಡೆ ನೋಡದೆ ಹೇಳಿದರು.

"ಇವಳು ಹಿಡೀಲಿ."

ಗಂಡ ಸತ್ತ ಮೇಲೆ ನನ್ನ ಬಗ್ಗೆ ಅವರಾಡಿದ ಮೊದಲ ಮಾತು ಅದು. ಅವರ ಜೀವವನ್ನು ನನ್ನ ಕೈಗೆ ಇಟ್ಟಿದ್ದರು. ಬಿಟ್ಟರೂ ಬಿಡಲಿ ಎಂದು ಇಟ್ಟರೋ, ಬಿಡುವುದಿಲ್ಲ ಎಂದು ಇಟ್ಟರೋ ನನಗೆ ಇವತ್ತಿಗೂ ಗೊತ್ತಿಲ್ಲ. ಹಗ್ಗವನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡೆ.

"ಸದ್ದು ಬರಕೂಡದು" ಎಂದ ಮೇಸ್ತ್ರಿ.

ಭಾವ ಇಳಿದರು. ತಲೆ ಮರೆಯಾಯಿತು. ನಾನು ಅವರ ಎದುರು ಗಟ್ಟಿಯಾಗಿ ಕೆಮ್ಮಿದವಳೂ ಅಲ್ಲ. ಗಂಡನ ಅಣ್ಣ, ತಂದೆಯ ಸಮಾನ. ಉಸಿರು ಎಳೆದುಕೊಂಡು ತೊಟ್ಟಿಯ ಬಾಯಿಗೆ ಬಗ್ಗಿದೆ.

"ಲೋ ಕುಂಭಕರ್ಣ! ಬೈಯೋ!"

ಹೆಂಗಸರ ಕೈಯಿಂದ ಬಾಂಡ್ಲಿ ಬಿತ್ತು. ಮೇಸ್ತ್ರಿ ಓಡಿ ಬಂದ. ಅವನ ಅಂಗೈ ನನ್ನ ಬಾಯಿಗೆ ಬರುತ್ತಿದ್ದ ಹಾಗೆ ಹಲ್ಲು ಊರಿದೆ. ಅದೇ ಸೋಪಿನ ವಾಸನೆ. ಅವನು ಕೈ ಕಿತ್ತುಕೊಂಡು ಹಿಂದೆ ಸರಿದ. "ಹತ್ರ ಬಂದ್ರೆ ಹಗ್ಗ ಬಿಡ್ತೀನಿ, ನಿನ್ನನ್ನೂ ಎಳ್ಕೊಂಡು ಒಳಗೆ ಬೀಳ್ತೀನಿ" ಎಂದೆ. ಮತ್ತೆ ಒಳಗೆ ಬಗ್ಗಿದೆ. "ಹೇಡಿ ಮುಂಡೇದೆ, ತಮ್ಮನ್ನ ತಂದು ಮೋರೀಲಿ ಮಲಗ್ಸಿದ್ಯಲ್ಲೋ! ನಾಲಿಗೆ ಬಿದ್ದೋಗಿದ್ಯೇನೋ? ಬೈಯೋ!"

ಕೆಳಗಿನಿಂದ ಏನೂ ಬರಲಿಲ್ಲ. ಆಮೇಲೆ ಬಂತು. ಒಡೆದ ದನಿ. "ಬೈದೆ ಬಿಡೇ... ನಿನ್... ನಿನ್ ಬಾಯಿಗೆ ಮಣ್ಣು ಹಾಕ."

ಆ ದನಿ ಅಳುತ್ತಿತ್ತು. ಪರವಾಗಿಲ್ಲ. ಅಳುವವನು ಉಸಿರು ಎಳೆಯುತ್ತಾನೆ.

ಅಷ್ಟರಲ್ಲಿ ಗೋಡೆಯ ಆಚೆ ಮ್ಯಾನೇಜರ್ ಬಂದ. ಆ ಗೋಡೆಯಲ್ಲಿ ಒಂದು ಕಡೆ ಕಬ್ಬಿಣದ ಜಾಲರಿ ಇದೆ. ಅದರ ಮೂಲಕ ಅವನ ಬೆನ್ನು ಕಾಣುತ್ತಿತ್ತು, ಹೆಗಲ ಮೇಲಿನಿಂದ ಟ್ಯಾಬಿನ ಪರದೆ ಕಾಣುತ್ತಿತ್ತು. ಪರದೆಯಲ್ಲಿ ನಾಲ್ಕಾರು ಮುಖಗಳು. ಒಬ್ಬ ಹೆಂಗಸು ಲೋಟ ಹಿಡಿದು ಏನೋ ಕುಡಿಯುತ್ತಿದ್ದಳು. ನಾನು ಹಗ್ಗ ಬಿಡುವಂತಿರಲಿಲ್ಲ. ನಿಂತಲ್ಲಿಂದಲೇ ಕಿರುಚಿದೆ.

"ಕೇಳ್ರಪ್ಪೋ! ಇಲ್ಲಿ ಮುಚ್ಚಳ ಇದೆ! ಇದರೊಳಗೆ ನನ್ ಗಂಡ ಸತ್ತ! ಈಗ ನಮ್ ಭಾವ ಒಳಗಿದ್ದಾರೆ! ಬಗ್ಗಿ ನೋಡ್ರಿ! ನಿಮ್ ನೀಲಿ ಅಂಗಿ ಇಲ್ಲಿದೆ, ಬಗ್ಗಿ ನೋಡ್ರಿ!"

ನನ್ನ ಭಾಷೆ ಅವರಿಗೆ ಬರದು. ಅದು ನನಗೂ ಗೊತ್ತಿತ್ತು. ಆದರೆ ಭಾಷೆ ಬರದಿದ್ದರೇನು, ಒಬ್ಬ ಹೆಂಗಸು ಹೀಗೆ ಅರಚಿದರೆ ಮನುಷ್ಯರಾದವರು ತಲೆಯಾದರೂ ತಿರುಗಿಸುತ್ತಾರೆ, ಏನದು ಎಂದಾದರೂ ಕೇಳುತ್ತಾರೆ. ಗಂಟಲು ಹರಿಯುವ ಹಾಗೆ ಕೂಗಿದೆ. ಹೆಂಗಸರೂ ದನಿ ಸೇರಿಸಿದರು. ಒಬ್ಬಳು ಖಾಲಿ ಬಾಂಡ್ಲಿ ತೆಗೆದು ಜಾಲರಿಗೆ ಬಡಿದಳು. ಪರದೆಯ ಮುಖಗಳು ಅಲುಗಲಿಲ್ಲ. ಒಬ್ಬ ತಲೆಯಾಡಿಸುತ್ತ ಏನೋ ಬರೆದುಕೊಂಡ. ಲೋಟದ ಹೆಂಗಸು ಒಂದು ಗುಟುಕು ಕುಡಿದು ಮುಗುಳ್ನಕ್ಕಳು. ಮ್ಯಾನೇಜರ್ ಒಮ್ಮೆ ಹಿಂತಿರುಗಿ ನೋಡಿದ. ಅವನ ಮುಖದಲ್ಲಿ ಗಾಬರಿ ಇರಲಿಲ್ಲ. ಸಿಟ್ಟೂ ಇರಲಿಲ್ಲ. ನನಗೆ ಹೆದರಿಕೆಯಾದದ್ದು ಆಗ.

ಅವನು ಮಾತಾಡುತ್ತ ಮುಂದೆ ಹೋದ. ನಾನು ಭಾವನನ್ನು ಎಳೆದುಕೊಂಡೆ. ಜೀವ ಇತ್ತು. ಮೇಸ್ತ್ರಿ ಕಚ್ಚಿಸಿಕೊಂಡ ಕೈಗೆ ಬಟ್ಟೆ ಸುತ್ತಿಕೊಂಡು ನನ್ನನ್ನು ತಗಡಿನ ಬಾಗಿಲಿನಿಂದ ಹೊರಗೆ ನೂಕಿದ.

ಬರಿಗಾಲಲ್ಲಿ ರಸ್ತೆಯ ಪಕ್ಕ ಕೂತಿದ್ದೆ, ಆ ಮೋರಿಯ ಹತ್ತಿರವೇ. ಕಂಪ್ಯೂಟರ್ ಹುಡುಗಿ ಮುಂದಿನ ಗೇಟಿನಿಂದ ಸುತ್ತು ಹಾಕಿ ಬಂದಳು. ತೊಟ್ಟಿಯ ಹತ್ತಿರ ಬಿಟ್ಟಿದ್ದ ನನ್ನ ಚಪ್ಪಲಿ ತಂದಿದ್ದಳು. ನನ್ನ ಕಾಲ ಹತ್ತಿರ ಇಟ್ಟು ಅಲ್ಲೇ ನಿಂತಳು.

"ಅಕ್ಕ, ಅವ್ರಿಗೆ ಕೇಳಿಸ್ಲಿಲ್ಲ."

"ಕೇಳಿಸ್ದೆ ಏನು? ಇಡೀ ಓಣಿಗೆ ಕೇಳಿಸ್ತು."

"ಅವ್ರಿಗೆ ಕೇಳಿಸಲ್ಲ. ಆ ಟ್ಯಾಬ್‌ನಲ್ಲಿ ಹಂಗೊಂದು ಏರ್ಪಾಡಿದೆ. ಮಾತಾಡೋರ ದನಿ ಒಂದನ್ನೇ ಆ ಕಡೆ ಕಳಿಸ್ತದೆ. ಸುತ್ತಮುತ್ತಲ ಗಲಾಟೆ ಎಲ್ಲ ತೆಗೆದುಹಾಕ್ತದೆ. ಯಂತ್ರದ ಸದ್ದು, ಲಾರಿ ಸದ್ದು, ಎಲ್ಲ."

ನಾನು ಯಂತ್ರದ ಸದ್ದು. ನಾನು ಲಾರಿಯ ಸದ್ದು.

"ಯಾವಾಗ ಹಾಕಿದ್ದು ಅದನ್ನ? ಈ ಸಲವಾ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಮೊದಲಿಂದ್ಲೂ ಇದೆ."

"ನನ್ ಗಂಡ ಸತ್ತ ದಿನ?"

"ಇತ್ತು ಅಕ್ಕ."

"ಮ್ಯಾನೇಜರ್‌ಗೆ ಗೊತ್ತಿತ್ತಾ?"

"ಗೊತ್ತಿತ್ತು. ನಾನೇ ತೋರಿಸಿಕೊಟ್ಟಿದ್ದೆ."

"ಮತ್ಯಾಕೆ ಸದ್ದು ಬರಕೂಡದು ಅಂತ ಹೇಳಿ ಕಳಿಸ್ದ?"

ಅವಳು ಬಹಳ ಹೊತ್ತು ಯೋಚಿಸಿದಳು. ಸುಳ್ಳು ಹೇಳಲು ಯೋಚಿಸಿದ್ದಲ್ಲ, ನಿಜವಾಗಿಯೂ ಉತ್ತರ ಹುಡುಕುತ್ತಿದ್ದಳು. "ಅಭ್ಯಾಸ ಅಕ್ಕ. ಯಾರು ನೋಡೋಕೆ ಬಂದ್ರೂ ಹಿಂದಿನ ಗೇಟ್‌ನೋರಿಗೆ ಹಂಗೇ ಹೇಳಿ ಕಳಿಸ್ತಾರೆ."

ಅವಳು ಹೋದ ಮೇಲೂ ಅಲ್ಲೇ ಕೂತಿದ್ದೆ. ಹಾಗಾದರೆ ಅವತ್ತು ಅವನು ಬೈಯಬಹುದಿತ್ತು. ಮೇಸ್ತ್ರಿಯನ್ನು, ಮ್ಯಾನೇಜರ್‌ನ ಟೈಯನ್ನು, ನಮ್ಮಪ್ಪನನ್ನು, ಆ ಲೋಟದ ಹೆಂಗಸನ್ನು ಗಂಟಲು ಬಿಚ್ಚಿ ಬೈಯಬಹುದಿತ್ತು. ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ಯಾವ ಆರ್ಡರೂ ಹೋಗುತ್ತಿರಲಿಲ್ಲ. ಬೈಗುಳ ನಿಂತಿದ್ದರೆ ಭಾವ ಹಗ್ಗ ಎಳೆಯುತ್ತಿದ್ದರು. ಯಾವ ಕಾರಣವೂ ಇಲ್ಲದೆ ಸತ್ತ ನನ್ನ ಗಂಡ. ನಮ್ಮಂಥವರಿಗೆ ಬಾಯಿ ಮುಚ್ಚು ಎಂದು ಹೇಳಿ ಅವರಿಗೆ ರೂಢಿಯಾಗಿತ್ತು, ಹೇಳಿದರೆ ಮುಚ್ಚಿಕೊಂಡು ನಮಗೆ ರೂಢಿಯಾಗಿತ್ತು. ಅಷ್ಟಕ್ಕೇ ಸತ್ತ.

ನನ್ನನ್ನು ಮತ್ತೆ ಒಳಗೆ ಬಿಡಲಿಲ್ಲ. ಈಗ ನಾಲ್ಕು ಮನೆಯ ಪಾತ್ರೆ ತಿಕ್ಕುತ್ತೇನೆ. ಉಗುರಿನ ನೀಲಿ ಇನ್ನೂ ಹೋಗಿಲ್ಲ. ಆ ಚಿತ್ರದಲ್ಲಿ ಮುಚ್ಚಳ ಬಂದಿಲ್ಲ. ಕಾರ್ಖಾನೆಗೆ ಹಸಿರು ಸರಪಳಿಯ ಬಹುಮಾನ ಬಂತು ಎಂದು ಮುಂದಿನ ಗೋಡೆಗೆ ಬ್ಯಾನರ್ ಕಟ್ಟಿದ್ದಾರೆ. ಭಾವ ಕಾರ್ಡು ಮೇಜಿನ ಮೇಲಿಟ್ಟು ತೊಟ್ಟಿಗೆ ಇಳಿಯುತ್ತಲೇ ಇದ್ದಾರೆ. ಮೇಸ್ತ್ರಿ ಈಗ ತಪಾಸಣೆ ಇಲ್ಲದ ದಿನವೂ ಸದ್ದು ಮಾಡಲು ಬಿಡುವುದಿಲ್ಲ. ನಾನು ಕಚ್ಚಿದ ಕೈಯ ಸಿಟ್ಟು ಅವನಿಗೆ.

ಭಾವ ಇಳಿಯುವ ದಿನ ಓರಗಿತ್ತಿ ನಾನು ಪಾತ್ರೆ ತಿಕ್ಕುವಲ್ಲಿಗೆ ಬರುತ್ತಾಳೆ. "ಇವತ್ತು" ಎನ್ನುತ್ತಾಳೆ, ಬೇರೆ ಏನೂ ಹೇಳುವುದಿಲ್ಲ. ನಾನು ಕೈ ತೊಳೆದುಕೊಂಡು ಹೊರಡುತ್ತೇನೆ. ಇಬ್ಬರೂ ಕಾರ್ಖಾನೆಯ ಹಿಂದಿನ ಗೋಡೆಗೆ ಹೋಗಿ ನಿಲ್ಲುತ್ತೇವೆ. ತೊಟ್ಟಿ ಗೋಡೆಯ ಆ ಬದಿಗೇ ಇದೆ. ಗೋಡೆಗೆ ಬಾಯಿ ಹಚ್ಚಿ ನಾನು ಬೈಯುತ್ತೇನೆ. ಕುಂಭಕರ್ಣ ಎನ್ನುತ್ತೇನೆ, ಹೇಡಿ ಎನ್ನುತ್ತೇನೆ, ನನ್ನ ಗಂಡ ಬೈಯುತ್ತಿದ್ದುದನ್ನೆಲ್ಲ ಬೈಯುತ್ತೇನೆ. ಓರಗಿತ್ತಿ ಗೋಡೆಗೆ ಕಿವಿ ಹಚ್ಚಿರುತ್ತಾಳೆ. ಕೆಲವು ಸಲ ಉತ್ತರ ಬೇಗ ಬರುತ್ತದೆ. ಮೇಸ್ತ್ರಿ ದೂರವಿದ್ದರೆ ಒಂದು ಬೈಗುಳ, ಹತ್ತಿರವಿದ್ದರೆ ಬಕೆಟ್ಟನ್ನು ಗೋಡೆಗೆ ತಾಗಿಸಿದ ಸಣ್ಣ ಸದ್ದು. ಅದು ಕೇಳಿಸಿದರೆ ಅವಳು ತಲೆಯಾಡಿಸುತ್ತಾಳೆ, ನಾನು ಬೈಯುವುದನ್ನು ಮುಂದುವರಿಸುತ್ತೇನೆ.

ಇವತ್ತು ಇನ್ನೂ ಏನೂ ಕೇಳಿಸಿಲ್ಲ. ಓರಗಿತ್ತಿ ಗೋಡೆಯಿಂದ ಕಿವಿ ತೆಗೆದಿಲ್ಲ. ನಾನು ಬೈಯುತ್ತಲೇ ಇದ್ದೇನೆ.